ಕೂಲಿ

ಡಾಕ್ಟರಮ್ಮ ಮೇಜಿನ ಮೇಲೆ ನಾಲ್ಕು ಬಾಯಿ ಇಟ್ಟರು.
ಸುಣ್ಣದ ಬಾಯಿ. ಮುಖವಿಲ್ಲ, ಹಲ್ಲು ಮಾತ್ರ.
"ಪಲ್ಲಿನು ಕಂಬಿ ಇಡಾಂ," ಅಂದರು, "ಏದು ವೇಣಂ?"
ಕೆಳಗೆ ಹೊಸ ಬಸ್‌ಸ್ಟ್ಯಾಂಡಿನಲ್ಲಿ ಕ್ಲೀನರ್ ಹುಡುಗ
ಕುಂಬಳೆ ಬಂದ್ಯೋಡು ಉಪ್ಪಳ ಎಂದು
ಒಂದೇ ಉಸಿರಿಗೆ ಕೂಗುತ್ತಿದ್ದ.

ಕಂಬಿ ಅಂದಾಗ ನನಗೆ ಹೊಳೆದದ್ದು
ಕಳ್ಳರು ಎಣಿಸುವ ಕಂಬಿ.
ಧನ್ಯಶ್ರೀ ಮೊಣಕೈಯಲ್ಲಿ ತಿವಿದಳು:
ಹಲ್ಲಿಗೆ ಹಾಕುವುದಮ್ಮ.

ಮೊದಲನೆಯದು ಸ್ಟೀಲು. ಗಟ್ಟಿ. ಎದ್ದು ಕಾಣುತ್ತದೆ.
ಅದರ ಬಣ್ಣದ ರಬ್ಬರು ತಿಂಗಳಿಗೊಮ್ಮೆ ಬದಲಿಸಬಹುದು.
ಇನ್ನೊಂದಕ್ಕೆ ಹಲ್ಲಿನದೇ ಬಣ್ಣ, ಆದರೆ ಅರಸಿನ ತಾಗಬಾರದಂತೆ.
ಬಂಗುಡೆ ಸಾರಿಲ್ಲದ ಎರಡು ವರ್ಷ!
ನಾನು ಮನಸ್ಸಿನಲ್ಲೇ ಅದನ್ನು ಬದಿಗಿಟ್ಟೆ.
ಮೂರನೆಯದು ಹಲ್ಲಿನ ಹಿಂದೆ, ನಾಲಿಗೆಯ ಕಡೆ,
ಲೈನಿಂಗ್ ಬಟ್ಟೆಯ ಹಾಗೆ, ಉಟ್ಟವಳಿಗೆ ಮಾತ್ರ ಗೊತ್ತು.
ಕೊನೆಯದು ಗಾಜಿನಂಥ ಚಿಪ್ಪು,
ಉಣ್ಣುವಾಗ ಕಳಚಿ ಡಬ್ಬಿಯಲ್ಲಿಡುವುದು.

ರೇಟು ಕೇಳಿ ನಾನು ರೂಪಾಯಿ ಎಣಿಸಲಿಲ್ಲ,
ರವಿಕೆ ಎಣಿಸಿದೆ. ಒಂದಕ್ಕೆ ಮುನ್ನೂರೈವತ್ತು.
ಎಂಬತ್ತು ರವಿಕೆ. ನೂರಿಪ್ಪತ್ತು. ಇನ್ನೂರೆಂಬತ್ತು.
ಚಿಪ್ಪಿಗೆ ನಾನೂರು.
ಬಂದ್ಯೋಡಿನಲ್ಲಿ ಅಷ್ಟು ಮದುವೆ ಎಲ್ಲಿ ನಡೆಯುತ್ತದೆ?

ನಮ್ಮ ಮನೆಯ ತುಳುವಿನಲ್ಲಿ ಹಲ್ಲಿಗೆ ಕೂಲಿ ಅನ್ನುವುದು.
ಶಾಲೆಯ ಕನ್ನಡದಲ್ಲಿ ಕೂಲಿಯೆಂದರೆ
ಸಂಜೆ ಕೈಗೆ ಬರುವುದು.
ಎರಡನ್ನೂ ಒಂದೇ ಚೀಟಿಯಲ್ಲಿ ಓದಲು ನನಗೆ
ಮೂವತ್ತೊಂಬತ್ತು ವರ್ಷ ಮತ್ತು ಒಂದು ಎಕ್ಸ್‌ರೇ ಬೇಕಾಯಿತು.

ಅವಳ ಮುಂದಿನ ಹಲ್ಲಿನ ಸಂದು ನನ್ನದೇ.
ನನ್ನದರಲ್ಲಿ ಗುಂಡುಸೂಜಿ ಸರಿಯಾಗಿ ಕೂರುತ್ತದೆ.
ಕತ್ತರಿ ಬಟ್ಟೆಯಡಿ ಸಿಕ್ಕಿಕೊಂಡರೆ ಅದರಲ್ಲೇ ನೂಲು ಕಡಿಯುತ್ತೇನೆ.
ಗಿರಾಕಿಗಳು ತಮಾಷೆ ಮಾಡಿದಾಗ
ಸೂಜಿಯ ನೆವದಲ್ಲಿ ತುಟಿ ಮುಚ್ಚಿಯೇ ನಗುತ್ತೇನೆ,
ಸೂಜಿ ಇಲ್ಲದಿದ್ದರೂ.
ಮಗಳಿಗೆ ನೆವ ಬೇಡವೆಂದೇ
ಕುಟುಂಬಶ್ರೀಯಲ್ಲಿ ಸಾಲ ಎತ್ತಿದ್ದು.

ಒಳಗಿನದೇ ಇರಲಿ, ಅಂದೆ. ಕಾಣಬಾರದು.

"ಅದು ಹಾಕಿದರೆ ಸಕಾರ ಹೋಗುತ್ತದೆಯಂತೆ," ಅಂದಳು.
ನವೆಂಬರಿಗೆ ಉಪಜಿಲ್ಲಾ ಕಲೋತ್ಸವ,
ಕನ್ನಡ ಪದ್ಯ ಹೇಳಲು ಹೆಸರು ಕೊಟ್ಟವರು ಏಳೇ ಜನ.
ಒಬ್ಬಳು ತೊದಲಿದರೆ ಆರು.
ಇದನ್ನು ಡಾಕ್ಟರಮ್ಮನಿಗೆ ಹೇಳಲು
ನನ್ನ ಮಲಯಾಳ ಅರ್ಧದಲ್ಲೇ ನಿಂತಿತು.
ಅವಳೇ ಕುರ್ಚಿಯಲ್ಲಿ ನೆಟ್ಟಗೆ ಕೂತು,
ಕೊರಳಿಗೆ ಕಟ್ಟಿದ ಹಸಿರು ಕಾಗದದ ಸಮೇತ,
ಸಾಸಿವೆ, ಸೀಸ, ಸುಸೂತ್ರ, ಸಂಸಾರ
ಎಂದು ಹೇಳಿ ತೋರಿಸಿದಳು.

ಆಗ ಕೇಳಿತು ನನಗೆ.
ಪ್ರತಿ ಸಕಾರದ ಬಾಲದಲ್ಲಿ ಒಂದು ಸಣ್ಣ ಸಿಳ್ಳೆ,
ಆ ಸಂದಿನಿಂದ ನುಸುಳಿದ ಗಾಳಿ.
ಹದಿನಾಲ್ಕು ವರ್ಷ ನನ್ನ ಕಿವಿ
ಅದನ್ನೇ ಅವಳ ಹೆಸರೆಂದು ತಿಳಿದಿತ್ತು.
ಇದೂ ಹೋಗುತ್ತದೆಯೇ, ಎಂದು ಕೇಳಿದೆ.
ಸಿಳ್ಳೆಗೆ ಅವರ ಭಾಷೆಯಲ್ಲಿ ಏನನ್ನುತ್ತಾರೋ
ತಿಳಿಯದೆ, ಬಾಯಲ್ಲೇ ಊದಿ ತೋರಿಸಿದೆ.
ಡಾಕ್ಟರಮ್ಮ ನಕ್ಕರು. ಅದಕ್ಕೇ ಅಲ್ಲವೇ ಬಂದದ್ದು?

ಸ್ಟೀಲೇ ಆಯಿತು. ಎಂಬತ್ತು ರವಿಕೆ.
ರಬ್ಬರಿನ ಬಣ್ಣ ಕೇಳಿದಾಗ ಅವಳು
ನನ್ನ ಸೆರಗಿಗೆ ಅಂಟಿದ್ದ ನೂಲೊಂದನ್ನು ಎಳೆದು ಕೊಟ್ಟಳು:
ಈ ನೇರಳೆ.

ಹೊರಡುವಾಗ ಕೊನೆಯ ಮಾತು. ಕಂಬಿ ತೆಗೆದ ಮೇಲೂ
ರಾತ್ರಿ ಒಂದು ಪ್ಲೇಟು ಕಚ್ಚಿ ಮಲಗಬೇಕು,
ಇಲ್ಲವಾದರೆ ಹಲ್ಲು ಹಳೆಯ ಜಾಗಕ್ಕೆ ಹೊರಟುಬಿಡುತ್ತದೆ.
ಇದು ಮಾತ್ರ ನನಗೆ ಬಿಡಿಸಿ ಹೇಳುವುದು ಬೇಕಾಗಲಿಲ್ಲ.
ಹೊಲಿಗೆ ಬಿಚ್ಚಿದ ಬಟ್ಟೆ ಹಳೆಯ ಮಡಿಕೆಗೇ ಮರಳುವುದನ್ನು
ಎಷ್ಟು ಇಸ್ತ್ರಿ ತಡೆದೀತು?

ರಾತ್ರಿ ಒಳಕೋಣೆಯಲ್ಲಿ ಅವಳು ಪದ್ಯ ಉರು ಹೊಡೆಯುತ್ತಾಳೆ,
ನೋವಿಗೆ ಗಂಜಿ ಮಾತ್ರ ಕುಡಿದು.
ಎಂಬತ್ತರಲ್ಲಿ ಮೂರನೆಯದರ ತೋಳು ಕೂಡಿಸುತ್ತಾ
ಸಕಾರ ಬಂದಾಗಲೆಲ್ಲ
ನಾನು ಮೆಷಿನ್ನಿನ ಪೆಡಲು ನಿಲ್ಲಿಸುತ್ತೇನೆ.

ಇದೆ ಇನ್ನೂ.