ಒಳಅಟ್ಟೆ

ಲಾಂಗ್ಟನ್ನಿನಿಂದ ಎರಡು ಬಸ್ಸು ಬದಲಿಸಿ
ಬಂದವಳು ಗ್ಲೆನಿಸ್ ಕ್ಲೂಲೋ. ನಮ್ಮ ಕಡತದಲ್ಲಿ ನಲವತ್ತೇಳು.
ಕೋಟು ಕಳಚುವ ಮೊದಲೇ ಹೇಳಿದಳು:
"ಬಲ ಮಂಡಿ ಹಳೇ ಬಾಗಿಲು, ಎಡ ಹೆಬ್ಬೆರಳು ಅದರ ಚಿಲಕ."

ನೀಲಗಂಗಾ ಅನ್ನಲು ನಾಲಿಗೆ ತಿರುಗದೆ
ನನ್ನನ್ನು ಡಕ್ ಅಂದಳು. ಸ್ಟೋಕ್‌ನಲ್ಲಿ ಹಾಗೆಯೇ,
ಬಸ್ಸಿನವನಿಗೂ ಡಾಕ್ಟರಿಗೂ ಅದೇ ಹೆಸರು,
ಊರಿಗೆ ಊರೇ ಬಾತುಕೋಳಿ.

ಸೊಂಟದಿಂದ ಉಗುರಿನವರೆಗೆ
ಮೂವತ್ತೆರಡು ಬೆಳ್ಳಿಗುಂಡು ಅಂಟಿಸಿದೆ,
ಮಂಡಿಚಿಪ್ಪಿನ ಆಚೆ ಈಚೆ,
ಹೆಬ್ಬೆರಳ ಬುಡದ ಆ ಗಂಟಿನ ಮೇಲೊಂದು.
ಕೈ ತಣ್ಣಗಿದೆ, ಬೇಜಾರಾಗಬೇಡಿ, ಅಂದೆ.
"ಹಸಿ ಮಣ್ಣು ಮುಟ್ಟಿದವಳಿಗೆ ತಣ್ಣಗೆ ಅಂದರೇನು ಡಕ್!"

ಹದಿನೈದಕ್ಕೇ ಪಿಂಗಾಣಿ ಕಾರ್ಖಾನೆ.
ಕಪ್ಪುಗಳಿಗೆ ಕಿವಿ ಅಂಟಿಸುವ ಕೆಲಸ,
ದಿನಕ್ಕೆ ಅದೆಷ್ಟು ಕಿವಿಯೋ, ಒಂದೂ ಅವಳ ಮಾತು ಕೇಳಲಿಲ್ಲ.
ಆರಡಿ ಹಲಗೆ ಹೆಗಲಿಗೆ, ಹಲಗೆ ತುಂಬ ಹಸಿ ಕಪ್ಪು,
ಕಲ್ಲಿನ ಮೆಟ್ಟಿಲು, ಮೇಲೆ, ಕೆಳಗೆ,
ಆವಿಗೆಯ ಬಾಯಿಯವರೆಗೆ.
ಒಂದು ಜಾರಿದರೂ ಕೂಲಿಯಲ್ಲಿ ಕಡಿತ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ:
ನಮ್ಮ ಕಡೆ ಮಾತು, ಹೇಳಹೊರಟು ಸುಮ್ಮನಾದೆ.
ಇಲ್ಲಿ ದೊಣ್ಣೆಗೇ ಹಿಡಿದಿತ್ತು
ಮೂವತ್ತೊಂಬತ್ತು ವರುಷ.

ಹತ್ತು ಮೀಟರು ಹಾದಿ. ನೆಲದೊಳಗೆ ಹೂತ ತಕ್ಕಡಿ.
ಹನ್ನೆರಡು ಕ್ಯಾಮೆರಾ ಕೆಂಪಗೆ ಕಣ್ಣು ಬಿಟ್ಟವು.
ನೆಲ ನೋಡದೆ ನಡೆಯಿರಿ ಅಂದರೆ ಯಾರೂ ನಡೆಯರು.
ಇವಳು ನಡೆದಳು, ಹೆಗಲ ಮೇಲಿನ್ನೂ ಹಲಗೆ ಇದ್ದ ಹಾಗೆ,
ಕತ್ತು ನೇರ, ಕಣ್ಣು ದೂರ.
ಪರದೆಯ ಮೇಲೆ ಮಾಂಸವಿಲ್ಲ, ವಯಸ್ಸಿಲ್ಲ,
ಕತ್ತಲಲ್ಲಿ ಕುಂಟುವ ಚುಕ್ಕಿಗಳು,
ಗೆರೆ ಎಳೆಯದೆ ಎದ್ದುಹೋದ ರಂಗೋಲಿ.
"ಅದು ನಾನೇ? ಪರವಾಗಿಲ್ಲ, ತೆಳ್ಳಗಿದ್ದೇನೆ."

ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?
ನಮೂನೆಗೆ ಒಂದು ಅಂಕಿ ಬೇಕು.
ಅವಳು ಕೊಟ್ಟಿದ್ದು ಹದಿಮೂರು ಮೆಟ್ಟಿಲು,
ಇಳಿಯುವಾಗ ಏಡಿಯ ಹಾಗೆ ಅಡ್ಡಡ್ಡ.
ತುದಿಗಾಲಿಗೆ ಎಟುಕದೆ ಮೇಲೇ ಉಳಿದ ಸಕ್ಕರೆ ಡಬ್ಬಿ.
ಇಗರ್ಜಿಯಲ್ಲಿ ಎಲ್ಲರೂ ಮಂಡಿಯೂರಿದಾಗ
ತಾನೊಬ್ಬಳೇ ದೇವರೆದುರು ಸೆಟೆದು ಕೂತಿರುವುದು.
ಕೊನೆಗೆ, ಏಳು.
ಅವಳ ಭಾಷೆಯಲ್ಲಿ ಬರೀ ಅಂಕಿ.
ನನ್ನ ಕಿವಿಗೆ ಬಿದ್ದದ್ದು ಅಪ್ಪಣೆ: ಏಳು, ಎದ್ದೇಳು.

ಅರ್ಧ ಜನಕ್ಕೆ ಕಮಾನು ಏರಿಸಿ ಕೊರೆದ ಒಳಅಟ್ಟೆ,
ಉಳಿದರ್ಧಕ್ಕೆ ಸಪಾಟು, ಬರೀ ಸ್ಪಂಜು,
ಮೇಲೆ ಅದೇ ನೀಲಿ ಬಟ್ಟೆ.
ಯಾರಿಗೆ ಯಾವುದೆಂದು ನನಗೂ ತಿಳಿಯಕೂಡದು.
ಕೀಲು ನಮ್ಮಲ್ಲಿ, ಕೀಲಿ ಲೀಡ್ಸಿನಲ್ಲಿ.

ಮೂರನೆಯ ತಿಂಗಳು ಅವಳು ಬಂದದ್ದು ಒಂದೇ ಬಸ್ಸಿನಲ್ಲಿ.
ಮಿಕ್ಕ ದಾರಿ ಕಾಲುವೆ ಗುಂಟ ನಡೆದು,
ನಿಜವಾದ ಬಾತುಗಳಿಗೆ ಬಟಾಣಿ ಎಸೆಯುತ್ತ.
ಕೇಳುವ ಮೊದಲೇ "ನಾಲ್ಕು" ಅಂದಳು.

ಮಾರ್ಚಿನಲ್ಲಿ ಸಂಕೇತ ಬಿಚ್ಚಿದರು.
ಎರಡು ಗುಂಪು, ಎರಡು ಗೆರೆ, ಒಂದರ ಮೇಲೊಂದು ಮಲಗಿದ್ದವು.
ಗಮನಾರ್ಹ ವ್ಯತ್ಯಾಸವಿಲ್ಲ.
ಐದು ವರುಷದ ಕೆಲಸಕ್ಕೆ ಎರಡು ಪದ.
ಪ್ರೊಫೆಸರು ಅದ್ದಿ ಮರೆತ ಬಿಸ್ಕತ್ತು
ಚಹಾದೊಳಗೇ ಕಳಚಿ ಮುಳುಗಿತು.
ನಲವತ್ತೇಳಕ್ಕೆ ಸಿಕ್ಕಿದ್ದು ಸಪಾಟು.

ಎಕ್ಸ್‌ರೇ ಇದ್ದ ಹಾಗೇ ಇತ್ತು.
ಎಲುಬಿಗೆ ಎಲುಬು ತಾಗುವಲ್ಲಿ ಅದೇ ಬಿಳಿ ಅಂಚು.
ಸವೆದದ್ದು ಸವೆದಿತ್ತು.

ಫೋನು ಮಾಡಿ ತಿಳಿಸುವುದು ನಿಯಮ. ತಿಳಿಸಿದೆ.
ಆ ಕಡೆ ಕೆಟಲ್ ಕುದಿದು ಟಕ್ ಅಂತ ನಿಂತಿತು.
"ಹಾಗಾದರೆ ಏನೂ ಇಲ್ಲದ್ದರ ಮೇಲೆ ನಡೆದೆನೇ?"
ಹೌದು ಎಂದರೆ ಸುಳ್ಳು, ಅಲ್ಲ ಎಂದರೆ ವರದಿಗೆ ವಿರುದ್ಧ.
"ಇರಲಿ, ಇನ್ನೊಂದು ಜೊತೆ ಕಳಿಸು ಡಕ್,
ಇದರ ಹಿಮ್ಮಡಿ ಹೋಗಿದೆ."

ಕಳಿಸಿದೆ, ಯಾರನ್ನೂ ಕೇಳದೆ.
ಹಳೆಯದು ಅಂಚೆಯಲ್ಲಿ ವಾಪಸು ಬಂತು, ಕಾಗದವಿಲ್ಲ.
ಬೆರಳಾಡಿಸಿದೆ: ಐದು ಕುಳಿ, ಹೆಬ್ಬೆರಳಿನದು ಆಳ,
ನಡುವೆ ಸಣ್ಣಗೆ ಎದ್ದ ಒಂದು ಕಮಾನು,
ನಮ್ಮ ಯಾವ ಯಂತ್ರವೂ ಕೊರೆಯದ್ದು.
ಮೇಜಿನ ಮೇಲೆ ವಾರದಿಂದ ಇದೆ.
ಯಾವ ಕಲಮಿನಲ್ಲಿ ಬರೆಯಬೇಕೋ ತಿಳಿದಿಲ್ಲ.