ಗುರುವಾರ

ಮೂರು ಸಲ ಉಳಿಸಿದೆ.
ಗುರುವಾರ ಅಳಿಸಿ, ಶನಿವಾರ ಬರೆದು,
ನೀಲಿ ಗುಂಡಿ ಒತ್ತಿ, ಉಸಿರು ಹಿಡಿದು ಕೂತು,
'ಪ್ರಕಟವಾಯಿತು' ಅಂತ ಅದೇ ಹೇಳಿದ್ದನ್ನು
ಕಣ್ಣಾರೆ ಓದಿದೆ.
ಹೊರಗಿನಿಂದ ತೆರೆದರೆ
ಮತ್ತದೇ ಗುರುವಾರ,
ಬಾಡಿಗೆ ಬಿಡದ ಬಾಡಿಗೆದಾರನ ಹಾಗೆ
ಕಾಲ ಮೇಲೆ ಕಾಲು ಹಾಕಿ.

ರಾಯಚೂರು, ತೀನ್ ಕಂದೀಲಿನ ಹತ್ತಿರ
ಮೆಟ್ಟಿಲು ಹತ್ತಿದರೆ ನಮ್ಮ ಕಣ್ಣಿನ ದವಾಖಾನೆ.
ಡಾಕ್ಟರ್ ಸುಗಲಾದೇವಿ ಇನ್ನು ಮೇಲೆ
ಗುರುವಾರ ಮಾನ್ವಿಗೆ, ನಮಗೆ ಶನಿವಾರ.
ನಾನು ತಸ್ಲೀಮಾ. ಚೀಟಿ ಬರೆಯುವುದು, ಹನಿ ಹಾಕುವುದು,
"ನಿನಗ ಕಂಪ್ಯೂಟರ್ ಬರ್ತದಲ್ಲ" ಎಂಬ ಒಂದೇ ತಪ್ಪಿಗೆ
ಈ ವೆಬ್‌ಸೈಟೂ ನನ್ನ ಕೊರಳಿಗೆ.

ಹುಬ್ಬಳ್ಳಿಯಿಂದ ಮೌನೇಶ ಫೋನಿನಲ್ಲಿ:
"ಕ್ಯಾಶ್ ಇರ್ತದ್ರಿ ಮೇಡಂ."
ಕೊಟ್ಟೀವಲ್ಲ ರೊಕ್ಕ, ಮಾರ್ಚಿನಾಗೇ, ಅಂದೆ.
ಬಿದ್ದು ಬಿದ್ದು ನಕ್ಕ.
"ಆ ಕ್ಯಾಶ್ ಅಲ್ರಿ. ಹಳೇ ಪುಟದ ನಕಲು.
ಕೇಳಿದಾಗೊಮ್ಮೆ ಅಷ್ಟು ದೂರ ಹೋಗೋದ್ಯಾಕ ಅಂತ
ನಡುವ ಒಬ್ಬಾಂವ ನಕಲು ಹಿಡಕೊಂಡು ಕುಂತಿರ್ತಾನ."

ಅಂಥವನನ್ನು ನಾನು ಬಲ್ಲೆ.
ಕಚೇರಿ ಹೊರಗೆ, ಬೇವಿನ ಮರದ ಕೆಳಗೆ,
ಹೋದ ವರ್ಷದ ಫಾರಂ ಕೊಟ್ಟು
ಹತ್ತು ರೂಪಾಯಿ ಇಸಕೊಂಡಿದ್ದ.

ಇತಿಹಾಸ ಅಳಿಸಬೇಕೇ, ಎಂದು ಕೇಳಿತು ಕಂಪ್ಯೂಟರು.
ಹೂಂ, ಅಂದೆ.
ಬ್ಯಾಂಕು ನನ್ನ ಗುರುತು ಮರೆಯಿತು,
ಗ್ಯಾಸಿನವರು ನೀನು ಯಾರು ಅಂದರು.
ಗುರುವಾರ ಮಾತ್ರ ಅಲ್ಲಾಡಲಿಲ್ಲ.

ಪೇಂಟರ್ ಖಾದರ್ ಎಷ್ಟು ಸಲೀಸಾಗಿ ಮುಗಿಸಿದ್ದ!
ಏಣಿ, ಒಂದು ಕೈ ಸುಣ್ಣ, ಎರಡು ಚಹಾ.
ಶನಿವಾರದ 'ರ' ಇನ್ನೂ ಹಸಿ ಇರುವಾಗಲೇ
ಎದುರಿನ ಕಿರಾಣಿಯವನು ಕೂಗಿದ್ದ:
"ದಿನ ಬದಲಾತೇನ್ರಿ?"

ಹನ್ನೊಂದಕ್ಕೆ ಮೌನೇಶನ ಫೋನು:
"ತೆಗದೇನಿ, ಈಗ ನೋಡ್ರಿ."
ನನ್ನ ಫೋನಿನಲ್ಲಿ ಶನಿವಾರ.
ಆಯಾ ಫೋನಿನಲ್ಲಿ ಶನಿವಾರ.
ಕಿರಾಣಿಯವನನ್ನೂ ಕರೆದು ತೋರಿಸೆಂದೆ. ಶನಿವಾರ!

ಆಗ ಮೆಟ್ಟಿಲು ಹತ್ತಿ ಬಂದಳು
ಕವಿತಾಳದ ಹುಲಿಗೆಮ್ಮ,
ಒಂದು ಕೈ ಗೋಡೆಗೆ, ಇನ್ನೊಂದು ಮೊಮ್ಮಗನ ಹೆಗಲಿಗೆ.
"ಗುರುವಾರ ಅಂತ ಅದ ನೋಡಕ್ಕಾ," ಬಸಲಿಂಗ
ಫೋನನ್ನೇ ಚೀಟಿಯಂತೆ ಚಾಚಿದ.
ನಿಜ. ಗುರುವಾರ ಅಂತಲೇ ಇದೆ.

ಕೆಳಗೆಳೆದೆ. ಮುಚ್ಚಿದೆ, ತೆರೆದೆ.
ನೆಟ್ ಆರಿಸಿ ಹಚ್ಚಿದೆ.
ಮೌನೇಶನಿಗೆ ಬೈಯಲು ಬಾಯಿ ತೆರೆದವಳು
ಮೂಲೆಯ ಸಣ್ಣ ಅಂಕಿ ನೋಡಿ ನಿಂತೆ:
ಗಂಟೆ ರಾತ್ರಿ ಒಂಬತ್ತೂ ಹತ್ತು,
ಬ್ಯಾಟರಿ ಹದಿನಾಲ್ಕು.
ಕಿಟಕಿಯಲ್ಲಿ ಹನ್ನೊಂದರ ಬಿಸಿಲು ಕುದಿಯುತ್ತಿತ್ತು.

"ಇದು ಪುಟ ಅಲ್ಲಪ್ಪ. ಪುಟದ ಫೋಟೋ."
"ಹೂಂ ಅಕ್ಕಾ. ನಮ್ಮೂರಾಗ ನೆಟ್ ಹೋಗ್ತದಂತ
ಆವತ್ತೇ ಹೊಡಕೊಂಡಿಟ್ಟಿದ್ದೆ."

ಯಾವ ಗುಂಡಿ ಒತ್ತಲಿ ಇದಕ್ಕೆ?

ಹುಲಿಗೆಮ್ಮ ನೀರು ಕುಡಿದು, ಲೋಟ ಕೆಳಗಿಟ್ಟು,
ಪೊರೆ ಕವಿದ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿ,
"ಆವತ್ತು ಗುರುವಾರ ಇತ್ತೋ ಇಲ್ಲೋ?"
ಇತ್ತವ್ವ.
"ಮತ್ತ ನಮ್ಮ ಹುಡುಗ ಸುಳ್ಳು ಹೇಳಿಲ್ಲ ಬಿಡು.
ಬಸ್ಸೇನು ಹೆಣ್ಣಮಕ್ಕಳಿಗೆ ಪುಕ್ಕಟೆ.
ಬಿಸಿಲಿಗೇ ಟಿಕೀಟು."

ಅವಳಿಗೆ ಓದು ಬಾರದು. ಆದರೂ
ಬಾಲ್ ಪೆನ್ನಿನಲ್ಲಿ ದಪ್ಪಗೆ ಶನಿವಾರ ಅಂತ ಬರೆದು ಕೊಟ್ಟೆ.
ಸೆರಗಿನ ತುದಿಗೆ ಗಂಟು ಹಾಕಿದಳು.
ಹಲ್ಲಿನಿಂದ ಎಳೆದು ಬಿಗಿ ಮಾಡಿದಳು.

ಬಸ್ಸಿಗೆ ಹತ್ತಿಸಿ ಬರುವಾಗ ಮಧ್ಯಾಹ್ನ.
ನಮ್ಮ ಗೋಡೆಯ ಮೇಲೆ ಬಿಸಿಲು ನೆಟ್ಟಗೆ ಬಿದ್ದಿತ್ತು.
ಖಾದರನ ಶನಿವಾರದ ಅಡಿಯಿಂದ,
ಸುಣ್ಣದ ತೆಳುವಿನಿಂದ,
'ಗು' ಅಕ್ಷರದ ಹೊಟ್ಟೆ
ನೀರಿನೊಳಗಿನ ಕಲ್ಲಿನಂತೆ
ಮೆಲ್ಲಗೆ ಕಾಣುತ್ತಿತ್ತು.

ನೋಡಿಯೂ ನೋಡದವಳಂತೆ
ಮೆಟ್ಟಿಲು ಹತ್ತಿದೆ.