ಕ್ಲಚ್ ಕಾಲು

ನಸುಕಿನ ಐದಕ್ಕ ಡಿಪೋದಾಗ
ಬಸ್ಸು ಇನ್ನೂ ಮಗ್ಗಲ ಹೊರಳಿರೂದಿಲ್ಲ.
ಟಯರ್ ರೂಮಿನ ಮುಂದ ಜಮಖಾನಿ ಹಾಸಿ
ಕಂಡಕ್ಟರ್ ಸುವರ್ಣಾ ಬಿರಾದಾರ ಕರೀತಾಳ:
"ಬರ್ರಿ ನದಾಫ ಅಣ್ಣಾ, ಹೊಟ್ಟಿ ಖಾಲಿ ಐತಿಲ್ಲ?"
ಖಾಲಿ ಐತಿ. ಚಾ ಸೈತ ಬಿಟ್ಟು ಬಂದೇನಿ,
ಇಪ್ಪತ್ತಾರು ವರ್ಷದ ನೌಕರ್ಯಾಗ ಇದ ಮೊದಲ.

ನನ್ನ ಇಲ್ಲಿಗೆ ತಂದಿದ್ದು ಬೆನ್ನು.
ವಿಜಯಪುರ, ಮನಗೂಳಿ, ಬಾಗೇವಾಡಿ, ಮುದ್ದೇಬಿಹಾಳ,
ತಿರುಗಿ ಮುದ್ದೇಬಿಹಾಳ, ಬಾಗೇವಾಡಿ, ಮನಗೂಳಿ.
ದಾರ್ಯಾಗಿನ ತೆಗ್ಗು ಒಂದೊಂದೂ
ನಡದಾಗ ತನ್ನ ಹೆಸರ ಬರದು ಹೋಗೇತಿ.
ದವಾಖಾನಿ ಡಾಕ್ಟರು ಗುಳಿಗಿ ಬರದು
ಹಾಳಿ ತಿರುವಿ ಅದರ ಬೆನ್ನಿಗೆ ಬರದ್ರು: ಯೋಗ.
"ಅದು ಯಾವ ಅಂಗಡ್ಯಾಗ ಸಿಗತೈತ್ರಿ?" ಅಂದೆ.
ಅವರು ನಗಲಿಲ್ಲ.

ಮೊದಲ ದಿನ ಬಗ್ಗಿದೆ.
ಬೆರಳು ಮೊಣಕಾಲ ತನಕ ಬಂದು ನಿಂತ್ವು,
ಮುಂದಿನ ಸ್ಟಾಪಿಗೆ ಹೋಗಾಂಗಿಲ್ಲ ಅಂತ ಹಟ.
ಅಂಗಿಯ ಗುಂಡಿ ಒಂದು ಟಪ್ ಅಂತ ಹಾರಿ
ಮೆಕ್ಯಾನಿಕ್ ಹುಡುಗನ ಹಣಿಗೆ ಬಡೀತು.
ಡಿಪೋ ಪೂರಾ ನಕ್ಕಿತು. ನಾನೂ ನಕ್ಕೆ;
ಬೆನ್ನು ಮಾತ್ರ ನಗಲಿಲ್ಲ.
ಸುವರ್ಣಾ ಅಂದ್ಲು,
"ಎಳೀಬ್ಯಾಡ್ರಿ. ನೋವಾದಲ್ಲಿ ನಿಂದರ್ರಿ.
ಅಲ್ಲೇ ಎರಡು ಉಸರ ತಗೋರಿ. ಸಾಕು ಇವತ್ತಿಗೆ."
ಸಾಕು ಅನ್ನೂ ಮಾತು ನಮ್ಮ ಡಿಪೋದಾಗ
ಯಾರೂ ಯಾರಿಗೂ ಅಂದಿದ್ದಿಲ್ಲ.

ವಜ್ರಾಸನ ಅಂತ ಕುಂಡ್ರಿಸಿದ್ಲು.
ಇದು ನನಗ ಗೊತ್ತಿತ್ತು.
ನಮಾಜಿಗೆ ಕುಂಡರೂ ಕಾಲು, ಅದ ಹಿಮ್ಮಡಿ,
ಡ್ಯೂಟಿ ಗದ್ದಲದಾಗ ಎಷ್ಟು ಸಲ ತಪ್ಪಿಸೇನಿ.
ಮೊಣಕಾಲಿಗೆ ಅದರ ನೆನಪಿತ್ತು, ನನಗ ಇರಲಿಲ್ಲ.

ಆಮ್ಯಾಲ ಗಿಡದಂಗ ನಿಲ್ಲೂದು.
ಎಡಗಾಲು ನಮ್ಮದು ಕ್ಲಚ್ಚಿನ ಕಾಲು.
ದಿನಕ್ಕ ಎಷ್ಟು ಸಲ ಒತ್ತತೈತಿ ಅಂತ ಒಮ್ಮೆ
ಎಣಿಸಾಕ ಹೋಗಿದ್ದೆ,
ಮನಗೂಳಿ ದಾಟೂದ್ರಾಗ ಎಣಿಕಿ ತಪ್ಪಿತು.
ಅದರ ಮ್ಯಾಲ ನಿಂತ್ರ ಹುಣಸಿ ಗಿಡ ನಾನು,
ಯಾರರೆ ಕಲ್ಲು ಒಗದು ನೋಡ್ಲಿ.
ಬಲಗಾಲ ಮ್ಯಾಲ ನಿಂತ್ರ
ಗಾಳಿಗೆ ಸಿಕ್ಕ ಜ್ವಾಳದ ದಂಟು.
ಒಂದ ಮೈಯಾಗ ಇಬ್ಬರು ಬದಕತಿದ್ರು,
ಗುರುತಾಗಿದ್ದು ಐವತ್ತೊಂದನೇ ವರ್ಷಕ್ಕ.

"ಮೂಗಿಲೆ ಉಸರ ತಗೋರಿ. ಮೆಲ್ಲಕ ಬಿಡ್ರಿ.
ತಗೊಂಡಿದ್ದಕ್ಕಿಂತ ಬಿಡೂದು ಉದ್ದ ಇರ್ಲಿ."
ನಮ್ಮ ಮುತ್ಯಾ ಅರಳಿ ಹಿಂಜತಿದ್ದ.
ಬಿಲ್ಲಿನ ತಂತಿ ಝುಂ ಅಂದ್ರ
ಹತ್ತು ವರ್ಷ ಯಾರೋ ಮಲಗಿ ಗಟ್ಟಿಯಾದ ಗಾದಿ ಹತ್ತಿ
ಎದ್ದು, ಉಬ್ಬಿ, ಮನಿ ತುಂಬತಿತ್ತು.
ಪಕ್ಕೆಲುಬಿನ ಒಳಗ ಅಂಥಾದ್ದ ಏನೋ ನಡದೇತಿ ಈಗ,
ಸ್ವಲ್ಪ ಡೀಸೆಲ್ ವಾಸನಿ ಸಮೇತ.

ಎಲ್ಲಾದ್ಕಿಂತ ಬಿರಿ ಶವಾಸನ.
"ಕೈ ಬಿಡ್ರಿ ಅಣ್ಣಾ."
"ಬಿಟ್ಟೇನವಾ."
"ಎಲ್ಲಿ ಬಿಟ್ಟೀರಿ? ನೋಡ್ಕೋರಿ."
ನೋಡಿದೆ. ಎರಡೂ ಕೈಯ ಬೆರಳು
ಅರ್ಧ ಮಡಚಿಕೊಂಡು
ಇಲ್ಲದ ಸ್ಟೇರಿಂಗ್ ಹಿಡಕೊಂಡಿದ್ವು.
ಹಂಗ ಹಿಡಕೊಂಡ ಉಂಡೇನಿ, ಮಲಗೇನಿ,
ಮಗಳ ತೆಲಿ ನೇವರಿಸೇನಿ.
ಆ ಮುಂಜಾನಿ ಮೊದಲ ಟ್ರಿಪ್ಪಿನಾಗ
ಯಾರ ಕೂಡೂ ಮಾತಾಡಲಿಲ್ಲ.

ಹನ್ನೊಂದನೇ ದಿನ
ಗೊರಕಿ ಹೊಡದ್ನಂತ. ಬೆರಳು ಬಿಚ್ಚಿದ್ವಂತ.
ನಾ ನೋಡಿಲ್ಲ, ಮೆಕ್ಯಾನಿಕ್ ಹುಡುಗ ನೋಡ್ಯಾನ.

ಗುಳಿಗಿ ಬಿಟ್ಟಿಲ್ಲ. ಡಾಕ್ಟರು ಬಿಡು ಅಂದಿಲ್ಲ.
ರಾತ್ರಿ ನಿದ್ದಿ ಮಾತ್ರ ಹೊತ್ತಿಗೆ ಸರಿಯಾಗಿ
ಪ್ಲಾಟ್‌ಫಾರ್ಮಿಗೆ ಬರತೈತಿ.
ನಿನ್ನೆ ಗಾಂಧಿ ಚೌಕಿನ್ಯಾಗ ಒಬ್ಬ ಬೈಕಿನವ
ಮೂತಿ ಮುಂದ ಅಡ್ಡ ಬಂದ.
ಬಾಯಾಗ ಬೈಗಳಾ ತಯಾರಿತ್ತು.
ಉಸರ ಉದ್ದಕ ಹೋತು ಮೊದಲ,
ಬೈಗಳಾ ಹಿಂದ ಉಳೀತು.
(ಬೈದೆ. ಸುಳ್ಳ ಯಾಕ? ಅರ್ಧ ಬೈದೆ.)

ಇವತ್ತು ಮತ್ತ ಬಗ್ಗೇನಿ.
ಬೆರಳು ಮೊಣಕಾಲ ದಾಟಿ, ಮೀನಗಂಡ ದಾಟಿ,
ಬೂಟಿನ ಲಾಡಿ ತನಕ ಇಳದಾವು.
ಇನ್ನು ನೆಲಕ್ಕ ಉಳದದ್ದು
ಒಂದು ಟಿಕೀಟಿನ ಕಟ್ಟಿನಷ್ಟು ಜಾಗ.
ಹಿಂದ ಐದೂ ನಲವತ್ತರ ಬಸ್ಸಿಗೆ
ಯಾರೋ ಸೆಲ್ಫ್ ಹೊಡೀಲಾಕತ್ತಾರ.
ಸುವರ್ಣಾ ಸೀಟಿ ಕೊರಳಿಗೆ ಹಾಕ್ಕೋತಾಳ.
ತಡೀರಿ, ರೈಟ್ ಹೇಳಬ್ಯಾಡ್ರಿ,
ಇನ್ನೊಂದು ಉಸರ ಐತಿ.